ಕುಸಿದ ಆರ್ಥಿಕತೆಗೆ ಸರ್ಕಾರದ ಮದ್ದು: ಯಾವುದು ಮೊದಲು, ಯಾವುದು ಆಮೇಲೆ?

2025ರ ಏಪ್ರಿಲ್‌ನಲ್ಲಿ ಅಮೆರಿಕ ಹೆಚ್ಚೂಕಡಿಮೆ ಎಲ್ಲ ದೇಶಗಳ ಸರಕಿನ ಮೇಲೂ ಹೊಸ ಆಮದು ಸುಂಕ ಘೋಷಿಸಿತು. ಆಗಿನಿಂದ 1930ರ ದಶಕದ ಹೆಸರು ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತಿದೆ. ಆ ಕಾಲದ ಮಹಾ ಆರ್ಥಿಕ ಕುಸಿತ ಮರಳಿ ಬರುತ್ತದಾ ಎಂದು ಒಂದು ಕಡೆ ಚರ್ಚೆ. ಇನ್ನೊಂದು ಕಡೆ ಷೇರುಪೇಟೆ ಏರಿದ ಸುದ್ದಿ. ಸರ್ಕಾರಗಳು ಕೈಬಿಚ್ಚಿ ಖರ್ಚು ಮಾಡಬೇಕು ಎಂದು ಒಬ್ಬ ತಜ್ಞರು ಹೇಳುತ್ತಾರೆ. ಸಾಲ ಈಗಲೇ ತಲೆಮಟ್ಟ ಬಂದಿದೆ, ಖರ್ಚಿಗೆ ಕಡಿವಾಣ ಹಾಕಿ ಎಂದು ಮತ್ತೊಬ್ಬರು. ಇಬ್ಬರ ಕೈಯಲ್ಲೂ ಅಂಕಿಅಂಶ ಇದೆ. ಓದುವವರು ಯಾರನ್ನು ನಂಬಬೇಕು?

ಈ ಗೊಂದಲಕ್ಕೆ ಕಾರಣವಿದೆ. ಆರ್ಥಿಕತೆ ಕುಸಿದಾಗ ಮಾಡಬೇಕಾದ ಕೆಲಸಕ್ಕೂ, ಚೆನ್ನಾಗಿರುವಾಗ ಮಾಡಬೇಕಾದ ಕೆಲಸಕ್ಕೂ ಅಜಗಜಾಂತರ. ಜ್ವರ ಇದ್ದಾಗಿನ ಪಥ್ಯವೇ ಬೇರೆ, ಜ್ವರ ಬಿಟ್ಟ ಮೇಲಿನ ಊಟವೇ ಬೇರೆ. ಇಬ್ಬರು ತಜ್ಞರು ಎರಡು ಬೇರೆ ಬೇರೆ ಹೊತ್ತಿನ ಬಗ್ಗೆ ಮಾತಾಡುತ್ತಿರಬಹುದು. ಸುಮಾರು ನೂರು ವರ್ಷಗಳ ಅನುಭವವನ್ನು ಎದುರಿಗೆ ಇಟ್ಟುಕೊಂಡು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸರ್ಕಾರಗಳು ಸೋತದ್ದು ಮದ್ದು ಗೊತ್ತಿಲ್ಲದೆ ಅಲ್ಲ. ಮೊದಲು ಕೊಡಬೇಕಾದ್ದನ್ನು ಆಮೇಲೆ, ಆಮೇಲೆ ಕೊಡಬೇಕಾದ್ದನ್ನು ಮೊದಲು ಕೊಟ್ಟು ಸೋತವರೇ ಜಾಸ್ತಿ.

ಹಿಂಜರಿತ ಬೇರೆ, ಕುಸಿತ ಬೇರೆ

ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಮೌಲ್ಯ, ಸತತ ಎರಡು ತ್ರೈಮಾಸಿಕ ಇಳಿದರೆ ಅದನ್ನು ಆರ್ಥಿಕ ಹಿಂಜರಿತ ಎನ್ನುವುದು ರೂಢಿ. ಕುಸಿತಕ್ಕೆ, ಅಂದರೆ ಡಿಪ್ರೆಷನ್‌ಗೆ, ಹೀಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಉತ್ಪಾದನೆ ಸುಮಾರು 10% ಇಳಿದರೆ, ಇಲ್ಲವೇ ಇಳಿಕೆ ವರ್ಷಗಟ್ಟಲೆ ನಡೆದರೆ ಆ ಪದ ಬಳಸುತ್ತಾರೆ.

ಅಳತೆಗಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಹಿಂಜರಿತದಲ್ಲಿ ಆರ್ಥಿಕತೆ ಎಡವುತ್ತದೆ, ಸಾವರಿಸಿಕೊಂಡು ಏಳುತ್ತದೆ. ಕುಸಿತದಲ್ಲಿ ಬೀಳುವುದೇ ಮುಂದಿನ ಬೀಳುವಿಕೆಗೆ ಕಾರಣವಾಗುತ್ತದೆ. ತಾನಾಗಿ ಏಳುವ ಶಕ್ತಿ ಕಳೆದುಹೋಗಿರುತ್ತದೆ.

ಅಮೆರಿಕದ ಲೆಕ್ಕ ನೋಡಿ. 1929ರ ಅಕ್ಟೋಬರ್‌ನಲ್ಲಿ ಷೇರುಪೇಟೆ ಬಿತ್ತು. 1933ರ ಹೊತ್ತಿಗೆ ದೇಶದ ಒಟ್ಟು ಉತ್ಪಾದನೆ ಕಾಲು ಭಾಗಕ್ಕಿಂತ ಜಾಸ್ತಿ ಇಳಿದಿತ್ತು. ಬೆಲೆಗಳು ಸುಮಾರು ಕಾಲು ಭಾಗ ಕುಸಿದಿದ್ದವು. ದುಡಿಯುವ ನಾಲ್ಕು ಜನರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದ್ದವು. ಹೊಲದಲ್ಲಿ ಬೆಳೆ ಇತ್ತು, ಕಾರ್ಖಾನೆಯಲ್ಲಿ ಯಂತ್ರ ಇತ್ತು, ದುಡಿಯುವ ಕೈಗಳಿದ್ದವು. ಯುದ್ಧ ನಡೆದು ಏನೂ ನಾಶವಾಗಿರಲಿಲ್ಲ. ಆದರೂ ಎಲ್ಲ ನಿಂತುಹೋಯಿತು. ಅದು ಹೇಗೆ?

ಒಬ್ಬರ ಖರ್ಚು ಇನ್ನೊಬ್ಬರ ಆದಾಯ

ಕೆಲಸ ಹೋಗಬಹುದು ಎಂಬ ಭಯ ಬಂದಾಗ ಒಂದು ಕುಟುಂಬ ಏನು ಮಾಡುತ್ತದೆ? ಖರ್ಚು ಕಡಿಮೆ ಮಾಡುತ್ತದೆ. ಹೊಸ ಬಟ್ಟೆ ಮುಂದಿನ ವರ್ಷಕ್ಕೆ ಎನ್ನುತ್ತದೆ. ಆ ಕುಟುಂಬದ ಮಟ್ಟಿಗೆ ಇದು ಬುದ್ಧಿವಂತಿಕೆ. ಆದರೆ ಎಲ್ಲ ಕುಟುಂಬಗಳೂ ಒಂದೇ ಸಲ ಹಾಗೆ ಮಾಡಿದರೆ ಬಟ್ಟೆ ಅಂಗಡಿಯ ವ್ಯಾಪಾರ ನಿಲ್ಲುತ್ತದೆ. ಅಂಗಡಿಯವರು ಗಿರಣಿಗೆ ಆರ್ಡರ್ ಕೊಡುವುದಿಲ್ಲ. ಗಿರಣಿಯವರು ಕೆಲಸಗಾರರನ್ನು ಮನೆಗೆ ಕಳಿಸುತ್ತಾರೆ. ಕೆಲಸ ಕಳೆದುಕೊಂಡವರು ಇನ್ನಷ್ಟು ಕೈ ಬಿಗಿ ಹಿಡಿಯುತ್ತಾರೆ. ಭಯಪಟ್ಟದ್ದು ನಿಜವಾಗುತ್ತದೆ. ಅದೂ ಭಯಪಟ್ಟ ಕಾರಣಕ್ಕೇ ನಿಜವಾಗುತ್ತದೆ.

ಇದರ ಜೊತೆಗೆ ಸಾಲದ ಸಮಸ್ಯೆ ಸೇರಿಕೊಳ್ಳುತ್ತದೆ. ಬೆಲೆ ಇಳಿದರೆ ಒಳ್ಳೆಯದೇ ಅಲ್ವಾ ಎಂದು ಅನ್ನಿಸಬಹುದು. ಸಾಲ ಇರುವವರಿಗೆ ಹಾಗಲ್ಲ. ಒಬ್ಬ ರೈತನಿಗೆ 1,000 ಡಾಲರ್ ಸಾಲ ಇದೆ ಅಂದುಕೊಳ್ಳಿ. ಮೂಟೆಗೆ 1 ಡಾಲರ್ ಬೆಲೆ ಇದ್ದಾಗ 1,000 ಮೂಟೆ ಮಾರಿದರೆ ಸಾಲ ತೀರುತ್ತಿತ್ತು. ಬೆಲೆ ಅರ್ಧಕ್ಕೆ ಇಳಿದರೆ 2,000 ಮೂಟೆ ಮಾರಬೇಕು. ಸಾಲದ ಪತ್ರದಲ್ಲಿ ಒಂದಂಕಿಯೂ ಬದಲಾಗಿಲ್ಲ, ಆದರೆ ಹೊರೆ ಎರಡು ಪಟ್ಟಾಯಿತು. ಸಾಲ ತೀರಿಸಲು ಎಲ್ಲರೂ ಸಿಕ್ಕ ಬೆಲೆಗೆ ಮಾರಲು ಹೊರಟಾಗ ಬೆಲೆ ಇನ್ನೂ ಇಳಿಯುತ್ತದೆ. ತೀರಿಸಲಾಗದವರ ಸಾಲ ಬ್ಯಾಂಕಿನ ತಲೆ ಮೇಲೆ ಬೀಳುತ್ತದೆ. ಬ್ಯಾಂಕು ಮುಳುಗಿದರೆ ಅಲ್ಲಿ ಹಣ ಇಟ್ಟವರೂ ಮುಳುಗುತ್ತಾರೆ.

ಈ ಸುಳಿಯೊಳಗೆ ಸಿಕ್ಕವರು ಯಾರೂ ಒಂಟಿಯಾಗಿ ಹೊರಬರಲು ಸಾಧ್ಯವಿಲ್ಲ. ಕುಟುಂಬ ಖರ್ಚು ಮಾಡಲು ಹೆದರುತ್ತದೆ. ಕಂಪನಿ ಬಂಡವಾಳ ಹಾಕಲು ಹೆದರುತ್ತದೆ. ಬ್ಯಾಂಕು ಸಾಲ ಕೊಡಲು ಹೆದರುತ್ತದೆ. ಎಲ್ಲರೂ ಹಿಂದೆ ಸರಿಯುವಾಗ ಮುಂದೆ ಬರುವ ಬಲ ಇರುವುದು ಸರ್ಕಾರಕ್ಕೆ ಮತ್ತು ದೇಶದ ಹಣ, ಬಡ್ಡಿ ನೋಡಿಕೊಳ್ಳುವ ಕೇಂದ್ರ ಬ್ಯಾಂಕಿಗೆ ಮಾತ್ರ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಮನೆಗೆ ಸರಿ. ಸರ್ಕಾರವೂ ಅದೇ ಹೊತ್ತಿಗೆ ಕಾಲು ಮಡಚಿಕೊಂಡರೆ ಹಾಸಿಗೆಯೇ ಇನ್ನಷ್ಟು ಚಿಕ್ಕದಾಗುತ್ತದೆ.

ವಾದಗಳು ಏನೇನು?

ಬಹಳ ಹಳೆಯ ವಾದ: ಸುಮ್ನೆ ಬಿಡಿ. ಕೆಟ್ಟ ಕಂಪನಿಗಳು ಮುಳುಗಲಿ, ಕೂಲಿ ಇಳಿಯಲಿ, ಆಗ ಹೊಸ ಬೆಳವಣಿಗೆಗೆ ಜಾಗ ಆಗುತ್ತದೆ. ಈ ವಾದದಲ್ಲಿ ಒಂದು ಸತ್ಯ ಇದೆ. ಸತ್ತ ಕಂಪನಿಗಳನ್ನು ಸಾಲ ಕೊಟ್ಟು ಕೊಟ್ಟು ಉಸಿರಾಡಿಸಿದರೆ ಇಡೀ ಆರ್ಥಿಕತೆಯೇ ವರ್ಷಗಟ್ಟಲೆ ಮಂದವಾಗುತ್ತದೆ ಎಂಬುದನ್ನು 1990ರ ದಶಕದ ಜಪಾನ್ ತೋರಿಸಿದೆ. ಆದರೆ ಕುಸಿತದಲ್ಲಿ ಕೆಟ್ಟ ಕಂಪನಿ ಮಾತ್ರ ಮುಳುಗುವುದಿಲ್ಲ. ಗಿರಾಕಿ ಇಲ್ಲದೆ ಒಳ್ಳೆಯ ಕಂಪನಿಯೂ ಮುಳುಗುತ್ತದೆ.

ಎರಡನೆಯದು ಮಿತವ್ಯಯದ ವಾದ. ಸರ್ಕಾರ ಬಜೆಟ್ ಸರಿದೂಗಿಸಿದರೆ ಹೂಡಿಕೆದಾರರಿಗೆ ನಂಬಿಕೆ ಬರುತ್ತದೆ, ಬಂಡವಾಳ ಮರಳುತ್ತದೆ ಎಂಬುದು ಇದರ ತಿರುಳು. ಮೂರನೆಯದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಮತ್ತು ಅವರ ಹಾದಿಯವರದು: ಜನ ಖರ್ಚು ಮಾಡದಿದ್ದಾಗ ಸರ್ಕಾರ ಸಾಲ ಮಾಡಿಯಾದರೂ ಖರ್ಚು ಮಾಡಲಿ, ಚೇತರಿಕೆ ಬಂದ ಮೇಲೆ ತೀರಿಸಲಿ. ಇದರ ಪಕ್ಕದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ಅವರಂಥವರ ವಾದವೂ ಇದೆ. ಅವರ ಪ್ರಕಾರ 1930ರ ದಶಕದ ದೊಡ್ಡ ತಪ್ಪು ಅಮೆರಿಕದ ಕೇಂದ್ರ ಬ್ಯಾಂಕಿನದು. ಬ್ಯಾಂಕುಗಳು ಸಾಲುಸಾಲಾಗಿ ಮುಳುಗುತ್ತಿದ್ದಾಗ, ಹಣದ ಹರಿವು ಬತ್ತುತ್ತಿದ್ದಾಗ ಅದು ಕೈಕಟ್ಟಿ ಕುಳಿತಿತ್ತು.

ಈ ವಾದಗಳನ್ನು ತೂಗಲು ಬರೀ ತರ್ಕ ಸಾಕಾಗುವುದಿಲ್ಲ. ನಡೆದದ್ದನ್ನು ನೋಡಬೇಕು.

ಮಿತವ್ಯಯವನ್ನು ಮೊದಲು ಹಿಡಿದವರ ಕಥೆ

1930ರಿಂದ 1932ರವರೆಗೆ ಜರ್ಮನಿಯ ಚಾನ್ಸಲರ್ ಆಗಿದ್ದವರು ಹೈನ್ರಿಶ್ ಬ್ರೂನಿಂಗ್. ಸಂಸತ್ತಿನಲ್ಲಿ ಬಹುಮತ ಸಿಗದಾಗ ಅಧ್ಯಕ್ಷರ ತುರ್ತು ಆದೇಶಗಳ ಮೂಲಕ ಆಡಳಿತ ನಡೆಸಿದರು. ಸಂಬಳ ಕಡಿತ, ಪಿಂಚಣಿ ಮತ್ತು ನಿರುದ್ಯೋಗ ಭತ್ಯೆ ಕಡಿತ, ತೆರಿಗೆ ಏರಿಕೆ. ಕೆಲಸ ಕಳೆದುಕೊಂಡವರಿಗೆ ಇದು ಬರಗಾಲದಲ್ಲಿ ಅಧಿಕಮಾಸ ಬಂದಂತೆ ಆಯಿತು. 1932ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ಮುಟ್ಟಿತು.

ಬ್ರೂನಿಂಗ್ ಅವರಿಗೆ ಕಾರಣಗಳಿದ್ದವು, ಅದನ್ನು ಮರೆಯಬಾರದು. 1923ರ ಭೀಕರ ಹಣದುಬ್ಬರದ ನೆನಪು ಜನರಲ್ಲಿ ಹಸಿಯಾಗಿತ್ತು. ಮೊದಲ ಮಹಾಯುದ್ಧದ ಪರಿಹಾರದ ಹೊರೆ ಇತ್ತು. ಹೊರಗಿನಿಂದ ಹೊಸ ಸಾಲ ಹುಟ್ಟುತ್ತಿರಲಿಲ್ಲ. ಆದರೆ ಫಲ ಏನಾಯಿತು? 1928ರ ಚುನಾವಣೆಯಲ್ಲಿ 2.6% ಮತ ಪಡೆದಿದ್ದ ನಾಜಿ ಪಕ್ಷ 1930ರ ಸೆಪ್ಟೆಂಬರ್‌ನಲ್ಲಿ 18.3% ಪಡೆಯಿತು. 1932ರ ಜುಲೈನಲ್ಲಿ 37% ದಾಟಿತು. ಇದಕ್ಕೆ ಆರ್ಥಿಕ ಕುಸಿತ ಒಂದೇ ಕಾರಣ ಎಂದು ಹೇಳಲಾಗದು. ಆದರೆ ಲಕ್ಷಾಂತರ ಜನ ಬೀದಿಗೆ ಬಿದ್ದಾಗ ಸರ್ಕಾರ ಬರೀ ಲೆಕ್ಕದ ಪುಸ್ತಕ ತೋರಿಸಿದರೆ, ಜನ ಬೇರೆ ಯಾರ ಮಾತಿಗಾದರೂ ಕಿವಿಗೊಡುತ್ತಾರೆ. ಕುಸಿತದ ಬೆಲೆಯನ್ನು ಹಣದಲ್ಲೇ ತೆರಬೇಕೆಂದಿಲ್ಲ, ಪ್ರಜಾಪ್ರಭುತ್ವವನ್ನು ಕಳೆದುಕೊಂಡೂ ತೆರಬೇಕಾಗಬಹುದು.

ಅಮೆರಿಕದಲ್ಲೂ ಅಧ್ಯಕ್ಷ ಹರ್ಬರ್ಟ್ ಹೂವರ್ ಏನೂ ಮಾಡಲಿಲ್ಲ ಎಂಬುದು ನಿಜವಲ್ಲ. ಬ್ಯಾಂಕುಗಳಿಗೆ ಸಾಲ ಕೊಡುವ ಸಂಸ್ಥೆಯನ್ನು 1932ರಲ್ಲಿ ಶುರು ಮಾಡಿದರು. ಆದರೆ ಅದೇ ವರ್ಷ ಬಜೆಟ್ ಸರಿದೂಗಿಸಲು ತೆರಿಗೆಯನ್ನು ಭಾರಿಯಾಗಿ ಏರಿಸಿದರು. ಆದಾಯ ತೆರಿಗೆಯ ಗರಿಷ್ಠ ದರ 25%ರಿಂದ 63%ಕ್ಕೆ ಹೋಯಿತು. ಒಂದು ಕೈಯಲ್ಲಿ ನೀರು ಹಾಕಿ ಇನ್ನೊಂದು ಕೈಯಲ್ಲಿ ಬುಡ ಅಗೆದ ಹಾಗಾಯಿತು. ಅದಕ್ಕೂ ಮೊದಲು, 1930ರ ಜೂನ್‌ನಲ್ಲಿ, ಆಮದು ಸುಂಕ ಏರಿಸುವ ಸ್ಮೂಟ್-ಹಾಲಿ ಕಾಯ್ದೆಗೆ ಸಹಿ ಹಾಕಿದ್ದರು. ಸಹಿ ಹಾಕಬೇಡಿ ಎಂದು ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಕೇಳಿಕೊಂಡಿದ್ದರು. ಕೆನಡಾ ಸೇರಿ ಹಲವು ದೇಶಗಳು ಸೇಡಿನ ಸುಂಕ ಹಾಕಿದವು. 1929ರಿಂದ 1933ರೊಳಗೆ ಜಗತ್ತಿನ ವ್ಯಾಪಾರದ ಮೌಲ್ಯ ಮೂರನೇ ಒಂದು ಭಾಗಕ್ಕೆ ಕುಗ್ಗಿತು. ಇಷ್ಟೂ ಸುಂಕದಿಂದಲೇ ಆದದ್ದಲ್ಲ. ಬೆಲೆ ಇಳಿತ, ಬೇಡಿಕೆ ಇಳಿತದ ಪಾಲೇ ದೊಡ್ಡದು. ಆದರೆ ಬೀಳುತ್ತಿದ್ದವನ ಕೈಗೆ ಸಿಗಬೇಕಿದ್ದ ಹಗ್ಗವನ್ನು ಸುಂಕ ಕತ್ತರಿಸಿತು. ಈಗಿನ ಸುಂಕದ ಸುದ್ದಿ ಬಂದಾಗ ಎಲ್ಲರೂ 1930ನ್ನು ನೆನೆಯುವುದು ಈ ಕಾರಣಕ್ಕೆ.

ಬ್ಯಾಂಕಿನ ಮುಂದಿನ ಸಾಲು

ಸರ್ಕಾರ ಮೊದಲು ಮಾಡಬೇಕಾದ ಕೆಲಸ ಯಾವುದು ಎಂಬುದಕ್ಕೆ 1933ರ ಮಾರ್ಚ್‌ನ ಹತ್ತು ದಿನಗಳನ್ನು ಹತ್ತಿರದಿಂದ ನೋಡಬೇಕು.

ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್ವೆಲ್ಟ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಬಹುತೇಕ ರಾಜ್ಯಗಳಲ್ಲಿ ಬ್ಯಾಂಕುಗಳು ಮುಚ್ಚಿದ್ದವು, ಇಲ್ಲವೇ ಹಣ ತೆಗೆಯಲು ಮಿತಿ ಹಾಕಿದ್ದವು. ಇದ್ದಬದ್ದ ಹಣವನ್ನೆಲ್ಲ ಜನ ಮನೆಗೆ ಒಯ್ಯುತ್ತಿದ್ದರು. ಮಾರ್ಚ್ 6ರಂದು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಣೆಯಾಯಿತು. ಮಾರ್ಚ್ 9ರಂದು ತುರ್ತು ಬ್ಯಾಂಕಿಂಗ್ ಕಾಯ್ದೆ ಮಂಡನೆಯಾಗಿ, ಪಾಸಾಗಿ, ಅದೇ ದಿನ ಸಹಿಯೂ ಬಿತ್ತು. ಗಟ್ಟಿ ಇರುವ ಬ್ಯಾಂಕುಗಳನ್ನು ಪರೀಕ್ಷಿಸಿ ತೆರೆಯುವುದು, ಅವಕ್ಕೆ ಬೇಕಾದಷ್ಟು ನೋಟು ಒದಗಿಸುವುದು, ಗಟ್ಟಿ ಇಲ್ಲದವನ್ನು ಮುಚ್ಚಿಯೇ ಇಡುವುದು, ಇದು ಯೋಜನೆ.

ಆದರೆ ಕಾಗದದ ಮೇಲಿನ ಯೋಜನೆ ಸಾಲದು. ಸೋಮವಾರ ಬ್ಯಾಂಕು ತೆರೆದಾಗ ಜನ ಮತ್ತೆ ಹಣ ತೆಗೆಯಲು ಸಾಲು ನಿಂತರೆ ಕಥೆ ಮುಗಿದಂತೆ. ಯಾವ ಬ್ಯಾಂಕೂ ಎಲ್ಲರ ಠೇವಣಿಯನ್ನು ಒಂದೇ ದಿನ ಕೊಡಲಾರದು. ಮಾರ್ಚ್ 12ರ ಭಾನುವಾರ ರಾತ್ರಿ ರೂಸ್ವೆಲ್ಟ್ ರೇಡಿಯೋದಲ್ಲಿ ಮಾತಾಡಿದರು. ಘೋಷಣೆ ಕೂಗಲಿಲ್ಲ, ಯಾರನ್ನೂ ಬೈಯಲಿಲ್ಲ. ಬ್ಯಾಂಕು ಹೇಗೆ ನಡೆಯುತ್ತದೆ ಎಂದು ವಿವರಿಸಿದರು. ನೀವು ಇಟ್ಟ ಹಣವನ್ನು ಬ್ಯಾಂಕು ತಿಜೋರಿಯಲ್ಲಿ ಪೇರಿಸಿ ಇಡುವುದಿಲ್ಲ, ಬೇರೆ ಬೇರೆ ಕಡೆ ಸಾಲವಾಗಿ ತೊಡಗಿಸಿರುತ್ತದೆ, ಹಾಗಾಗಿ ಎಲ್ಲರೂ ಒಟ್ಟಿಗೆ ಕೇಳಿದರೆ ಗಟ್ಟಿಯಾದ ಬ್ಯಾಂಕಿಗೂ ಕೊಡಲು ಆಗುವುದಿಲ್ಲ ಎಂದರು. ಯಾವ ದಿನ ಯಾವ ಊರುಗಳ ಬ್ಯಾಂಕು ತೆರೆಯುತ್ತದೆ ಎಂದು ಹೇಳಿದರು. ಎಲ್ಲ ಬ್ಯಾಂಕುಗಳೂ ತೆರೆಯುವುದಿಲ್ಲ, ಕೆಲವರಿಗೆ ನಷ್ಟವಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಮರುದಿನ ಬೆಳಿಗ್ಗೆ ಬ್ಯಾಂಕುಗಳ ಮುಂದೆ ಸಾಲು ಇತ್ತು. ಆದರೆ ಜನ ಹಣ ತೆಗೆಯಲು ಬಂದಿರಲಿಲ್ಲ, ಮನೆಯಲ್ಲಿಟ್ಟಿದ್ದ ಹಣವನ್ನು ಮರಳಿ ಕಟ್ಟಲು ಬಂದಿದ್ದರು. ಮನೆಗೆ ಒಯ್ದಿದ್ದ ನೋಟಿನಲ್ಲಿ ಸುಮಾರು ಮೂರನೇ ಎರಡು ಭಾಗ ಆ ತಿಂಗಳ ಕೊನೆಯೊಳಗೆ ಬ್ಯಾಂಕಿಗೆ ವಾಪಸ್ ಬಂತು. ಮಾರ್ಚ್ 15ರಂದು ನ್ಯೂಯಾರ್ಕ್ ಷೇರುಪೇಟೆ ತೆರೆದಾಗ ಒಂದೇ ದಿನ 15% ಏರಿತು.

ಬರೀ ಮಾತಿನಿಂದ ಇದು ಆಗಲಿಲ್ಲ. ಮಾತಿನ ಹಿಂದೆ ಕಾಯ್ದೆ ಇತ್ತು, ಪರೀಕ್ಷೆ ಇತ್ತು, ನೋಟು ಮುದ್ರಿಸಿ ಕಳಿಸುವ ವ್ಯವಸ್ಥೆ ಇತ್ತು. ಹಾಗೆಯೇ ಬರೀ ಕಾಯ್ದೆಯಿಂದಲೂ ಆಗುತ್ತಿರಲಿಲ್ಲ. ನಾಯಕತ್ವ ಎನ್ನುವುದು ಆರ್ಥಿಕ ನೀತಿಯ ಹೊರಗಿನ ಅಲಂಕಾರ ಅಲ್ಲ. ಕುಸಿತ ಭಯದಿಂದ ನಡೆಯುವಾಗ, ಜನ ನಂಬುವ ಹಾಗೆ ನಿಜ ಹೇಳುವುದೇ ನೀತಿಯ ಅರ್ಧ ಭಾಗ.

ಆಮೇಲೆ ಬಂದ ಸುಧಾರಣೆ ಇದನ್ನು ಗಟ್ಟಿ ಮಾಡಿತು. 1934ರ ಜನವರಿಯಿಂದ ಬ್ಯಾಂಕ್ ಠೇವಣಿಗೆ ವಿಮೆ ಬಂತು, ಮೊದಲಿಗೆ 2,500 ಡಾಲರ್‌ವರೆಗೆ. ರೂಸ್ವೆಲ್ಟ್ ಅವರಿಗೇ ಇದು ಮೊದಲು ಇಷ್ಟವಿರಲಿಲ್ಲ. ಕೆಟ್ಟ ಬ್ಯಾಂಕುಗಳ ತಪ್ಪಿಗೆ ಒಳ್ಳೆಯ ಬ್ಯಾಂಕುಗಳು ದಂಡ ಕಟ್ಟಬೇಕಾಗುತ್ತದೆ ಎಂಬ ಅಳುಕು ಅವರದು. ಸಂಸತ್ತಿನ ಒತ್ತಾಯಕ್ಕೆ ಒಪ್ಪಿದರು. 1934ರಲ್ಲಿ ಮುಳುಗಿದ ವಿಮೆಯುಳ್ಳ ಬ್ಯಾಂಕುಗಳು ಬರೀ 9. ನಾಲ್ಕು ವರ್ಷಗಳಲ್ಲಿ ಸಾವಿರಾರು ಬ್ಯಾಂಕು ಮುಳುಗಿದ್ದ ದೇಶದಲ್ಲಿ ಇದು ಎಂಥ ಬದಲಾವಣೆ ನೋಡಿ. ಹಣ ಹೋಗುವುದಿಲ್ಲ ಎಂದು ಗೊತ್ತಿದ್ದರೆ ಯಾರೂ ಓಡಿಬರುವುದಿಲ್ಲ. ಯಾರೂ ಓಡಿಬರದಿದ್ದರೆ ಬ್ಯಾಂಕೂ ಮುಳುಗುವುದಿಲ್ಲ.

ಚಿನ್ನದ ಸರಪಳಿ

ಆ ಕಾಲದಲ್ಲಿ ದೊಡ್ಡ ದೇಶಗಳ ಹಣಕ್ಕೆ ಚಿನ್ನದ ಗಂಟು ಹಾಕಿತ್ತು. ಖಜಾನೆಯಲ್ಲಿ ಚಿನ್ನ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಹಣ. ಆರ್ಥಿಕತೆ ಬತ್ತುತ್ತಿದ್ದರೂ ಕೇಂದ್ರ ಬ್ಯಾಂಕು ಹಣ ಹರಿಸಲು, ಬಡ್ಡಿ ಇಳಿಸಲು ಆಗುತ್ತಿರಲಿಲ್ಲ. ಚಿನ್ನ ಹೊರದೇಶಕ್ಕೆ ಓಡಿಬಿಡುವ ಭಯ. ಈ ಗಂಟನ್ನು ಯಾರು ಮೊದಲು ಬಿಚ್ಚಿದರೋ ಅವರು ಮೊದಲು ಚೇತರಿಸಿಕೊಂಡರು ಎಂಬುದು ಈಗ ಅರ್ಥಶಾಸ್ತ್ರಜ್ಞರಲ್ಲಿ ಬಹುತೇಕ ಒಪ್ಪಿತ ವಿಷಯ. ಬ್ರಿಟನ್ 1931ರ ಸೆಪ್ಟೆಂಬರ್‌ನಲ್ಲಿ ಬಿಚ್ಚಿತು, ಅಮೆರಿಕ 1933ರಲ್ಲಿ. 1936ರವರೆಗೆ ಹಿಡಿದುಕೊಂಡು ಕುಳಿತ ಫ್ರಾನ್ಸ್ ತಡವಾಗಿ ಎದ್ದಿತು.

ಜಪಾನಿನ ಹಣಕಾಸು ಸಚಿವ ತಕಹಾಶಿ ಕೊರೆಕಿಯೊ 1931ರ ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಈ ಗಂಟು ಬಿಚ್ಚಿದರು. ಆಗ ಅವರಿಗೆ 77 ವರ್ಷ. ಯೆನ್ ಬೆಲೆ ಇಳಿಯಲು ಬಿಟ್ಟರು, ಬಡ್ಡಿ ಇಳಿಸಿದರು. ಸರ್ಕಾರದ ಸಾಲಪತ್ರಗಳನ್ನು ಕೇಂದ್ರ ಬ್ಯಾಂಕೇ ಕೊಳ್ಳುವಂತೆ ಮಾಡಿ ಖರ್ಚು ಹೆಚ್ಚಿಸಿದರು. ಬೇರೆ ದೇಶಗಳು ಇನ್ನೂ ಕೆಳಗೆ ಜಾರುತ್ತಿದ್ದಾಗ ಜಪಾನ್ ಮೇಲೇಳತೊಡಗಿತು. ಆದರೆ ಈ ಕಥೆಯ ಎರಡನೇ ಭಾಗವೂ ಅಷ್ಟೇ ಮುಖ್ಯ. ಚೇತರಿಕೆ ಬಂದ ಮೇಲೆ ತಕಹಾಶಿ ಖರ್ಚಿಗೆ, ಅದರಲ್ಲೂ ಸೇನೆಯ ಖರ್ಚಿಗೆ, ಕಡಿವಾಣ ಹಾಕಲು ಹೊರಟರು. 1936ರ ಫೆಬ್ರವರಿ 26ರಂದು ದಂಗೆ ಎದ್ದ ಸೇನಾಧಿಕಾರಿಗಳು ಅವರನ್ನು ಕೊಂದರು. ಆಮೇಲೆ ನಲ್ಲಿ ನಿಲ್ಲಿಸುವವರೇ ಇರಲಿಲ್ಲ. ಹಣ ಯುದ್ಧಕ್ಕೆ ಹರಿಯಿತು. ಖರ್ಚು ಶುರು ಮಾಡಲು ಬೇಕಾದ ಧೈರ್ಯದಷ್ಟೇ, ನಿಲ್ಲಿಸುವ ಅಧಿಕಾರವೂ ಸಂಸ್ಥೆಗಳ ಕೈಯಲ್ಲಿ ಇರಬೇಕು.

ಕೈಗೆ ಕೆಲಸ, ಜೊತೆಗೆ ಉಳಿಯುವ ಸುಧಾರಣೆ

ಬ್ಯಾಂಕು ನಿಂತಿತು, ಹಣ ಹರಿಯಿತು ಎಂದ ಮಾತ್ರಕ್ಕೆ ಕಾರ್ಖಾನೆ ತೆರೆಯುವುದಿಲ್ಲ. ಗಿರಾಕಿ ಬೇಕು. ಗಿರಾಕಿಯ ಕೈಯಲ್ಲಿ ಕಾಸು ಬೇಕು. ಬಡ್ಡಿ ಎಷ್ಟೇ ಇಳಿದರೂ ಮಾರಾಟದ ಭರವಸೆ ಇಲ್ಲದ ಉದ್ಯಮಿ ಸಾಲ ತೆಗೆದುಕೊಳ್ಳುವುದಿಲ್ಲ.

ಅಮೆರಿಕ 1935ರಲ್ಲಿ ಶುರು ಮಾಡಿದ ಸಾರ್ವಜನಿಕ ಕೆಲಸಗಳ ಯೋಜನೆ ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ರಸ್ತೆ, ಸೇತುವೆ, ಶಾಲೆ, ವಿಮಾನ ನಿಲ್ದಾಣ ಕಟ್ಟಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂತು. ಮುಪ್ಪಿನಲ್ಲಿ ಪಿಂಚಣಿ, ಕೆಲಸ ಹೋದಾಗ ಭತ್ಯೆ. ಇವು ಎರಡು ಬೇರೆ ಬೇರೆ ಬಗೆಯ ಮದ್ದು. ಮೊದಲನೆಯದು ಆ ಹೊತ್ತಿನ ಹಸಿವಿಗೆ. ಎರಡನೆಯದು ಮುಂದಿನ ಕುಸಿತಕ್ಕೆ ತಡೆ. ನಿರುದ್ಯೋಗ ಭತ್ಯೆ ಇರುವ ದೇಶದಲ್ಲಿ ಕೆಲಸ ಹೋದವರ ಖರ್ಚು ಪೂರ್ತಿ ನಿಲ್ಲುವುದಿಲ್ಲ. ಸಂಸತ್ತು ಸೇರಿ ಚರ್ಚೆ ಮಾಡುವ ಮೊದಲೇ ಹಣ ಬೇಕಾದವರ ಕೈ ಸೇರಿರುತ್ತದೆ.

ಎಲ್ಲ ಪ್ರಯೋಗವೂ ಫಲಿಸಲಿಲ್ಲ. ಬೆಲೆ ಮತ್ತು ಕೂಲಿಯನ್ನು ಕೈಗಾರಿಕಾ ನಿಯಮಗಳ ಮೂಲಕ ಹಿಡಿದಿಡುವ ಕಾಯ್ದೆಯನ್ನು 1935ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕೃಷಿ ಬೆಲೆ ಏರಿಸಲು ಬೆಳೆ ನಾಶ ಮಾಡಿಸಿದ್ದು ಹಸಿದವರ ಕಣ್ಣಿಗೆ ಸರಿ ಕಾಣಲಿಲ್ಲ. ಪರಿಹಾರದ ಹಣ ಭೂಮಾಲೀಕರಿಗೆ ಸಿಕ್ಕಿತು, ಪಾಲಿಗೆ ಗೇಯುತ್ತಿದ್ದ ಬಡವರನ್ನು ಹೊಲದಿಂದ ಎಬ್ಬಿಸಿದರು. ಸಾಮಾಜಿಕ ಭದ್ರತೆಯಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ದುಡಿಯುವ ಕರಿಯರಲ್ಲಿ ಹೆಚ್ಚಿನವರು ಆ ಕೆಲಸಗಳಲ್ಲೇ ಇದ್ದರು. ದೇಶ ಚೇತರಿಸಿಕೊಂಡಿತು ಎಂದಾಗ ಯಾರು ಚೇತರಿಸಿಕೊಂಡರು ಎಂದು ಕೇಳುವುದನ್ನು ಬಿಡಬಾರದು.

1937: ಜ್ವರ ಬಿಡುವ ಮೊದಲೇ ಔಷಧಿ ನಿಲ್ಲಿಸಿದರು

1933ರಿಂದ ನಾಲ್ಕು ವರ್ಷ ಅಮೆರಿಕದ ಆರ್ಥಿಕತೆ ವೇಗವಾಗಿ ಬೆಳೆಯಿತು. ನಿರುದ್ಯೋಗ 25%ರಿಂದ ಸುಮಾರು 14%ಕ್ಕೆ ಇಳಿಯಿತು. ಇನ್ನು ಸಾಕು, ಲೆಕ್ಕ ಸರಿ ಮಾಡೋಣ ಎಂದು ಸರ್ಕಾರಕ್ಕೆ ಅನ್ನಿಸಿತು. ಸಾರ್ವಜನಿಕ ಕೆಲಸಗಳಿಗೆ ಕತ್ತರಿ ಬಿತ್ತು. ಸಾಮಾಜಿಕ ಭದ್ರತೆಯ ಹೊಸ ತೆರಿಗೆ ಸಂಬಳದಿಂದ ಮುರಿಯತೊಡಗಿತು, ಪಿಂಚಣಿ ಇನ್ನೂ ಶುರುವಾಗಿರಲಿಲ್ಲ. ಬ್ಯಾಂಕುಗಳು ಮೀಸಲಾಗಿ ಇಡಬೇಕಾದ ಹಣದ ಪ್ರಮಾಣವನ್ನು ಕೇಂದ್ರ ಬ್ಯಾಂಕು 1936ರ ಆಗಸ್ಟ್‌ನಿಂದ 1937ರ ಮೇ ಒಳಗೆ ಎರಡು ಪಟ್ಟು ಮಾಡಿತು.

ಒಂದೇ ವರ್ಷದಲ್ಲಿ ಕೈಗಾರಿಕಾ ಉತ್ಪಾದನೆ ಮೂರನೇ ಒಂದು ಭಾಗದಷ್ಟು ಬಿತ್ತು. ನಿರುದ್ಯೋಗ ಮತ್ತೆ 19%ಕ್ಕೆ ಏರಿತು. 1938ರ ಏಪ್ರಿಲ್‌ನಲ್ಲಿ ಸರ್ಕಾರ ತಪ್ಪು ತಿದ್ದಿಕೊಂಡು ಖರ್ಚು ಹೆಚ್ಚಿಸಬೇಕಾಯಿತು. ಪೂರ್ಣ ಉದ್ಯೋಗ ಬಂದದ್ದು ಎರಡನೇ ಮಹಾಯುದ್ಧದ ಖರ್ಚು ಶುರುವಾದ ಮೇಲೆ.

ಸಾಲ ತೀರಿಸಬೇಕು ಎಂಬ ಯೋಚನೆ ತಪ್ಪಲ್ಲ. ಆದರೆ ಜಿಡಿಪಿ ಏರುತ್ತಿದೆ ಎಂಬುದಕ್ಕೂ, ಜನರ ಕೈಯಲ್ಲಿ ಕೆಲಸ ಇದೆ ಎಂಬುದಕ್ಕೂ ವ್ಯತ್ಯಾಸ ಇದೆ. ಏರಿಕೆಯ ವೇಗ ನೋಡಿ ಮೋಸ ಹೋದರೆ ಹೀಗಾಗುತ್ತದೆ. ಆಳದಿಂದ ಏಳುವವರು ಎಷ್ಟು ವೇಗವಾಗಿ ಎದ್ದರೂ ಇನ್ನೂ ಬಾವಿಯೊಳಗೇ ಇರಬಹುದು ಅಲ್ವಾ?

ಹಾಗಾದರೆ ಸುಮ್ನೆ ಹಣ ಸುರಿದರೆ ಸಾಕಾ?

ಸಾಲದು. ಇಲ್ಲಿ ಮಿತವ್ಯಯದ ವಾದದವರು ಹೇಳುವುದನ್ನು ಗಂಭೀರವಾಗಿ ಕೇಳಬೇಕು.

ತನ್ನದೇ ಕರೆನ್ಸಿಯಲ್ಲಿ ಸಾಲ ಮಾಡುವ ದೇಶಕ್ಕೂ ಬೇರೆ ದೇಶದ ಕರೆನ್ಸಿಯಲ್ಲಿ ಸಾಲ ಮಾಡುವ ದೇಶಕ್ಕೂ ದೊಡ್ಡ ಅಂತರ ಇದೆ. ಡಾಲರ್ ಸಾಲ ಇರುವ ಸಣ್ಣ ದೇಶದ ಹಣದ ಬೆಲೆ ಕುಸಿದರೆ ಸಾಲದ ಹೊರೆ ರಾತ್ರೋರಾತ್ರಿ ಹೆಚ್ಚುತ್ತದೆ. ನೋಟು ಮುದ್ರಿಸಿದರೆ ಡಾಲರ್ ಸಿಗುವುದಿಲ್ಲ. ಅರ್ಜೆಂಟೀನಾ 2001ರ ಡಿಸೆಂಬರ್‌ನಲ್ಲಿ ಹೀಗೆ ಸಿಕ್ಕಿಬಿತ್ತು. ಒಂದು ಪೆಸೊಗೆ ಒಂದು ಡಾಲರ್ ಎಂಬ ಕಟ್ಟು ಉಳಿಸಲು ಹೆಣಗಿ, ಜನ ಬ್ಯಾಂಕಿನಿಂದ ತಮ್ಮ ಹಣ ತೆಗೆಯುವುದಕ್ಕೇ ಮಿತಿ ಹಾಕಿತು. ಜನ ಪಾತ್ರೆ ಬಡಿಯುತ್ತಾ ಬೀದಿಗಿಳಿದರು. ಎರಡು ವಾರದ ಆಸುಪಾಸಿನಲ್ಲಿ ಐವರು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಎದ್ದರು.

ಗ್ರೀಸ್‌ಗೆ ತನ್ನದೇ ಕರೆನ್ಸಿ ಇರಲಿಲ್ಲ, ಇದ್ದದ್ದು ಹಲವು ದೇಶಗಳು ಹಂಚಿಕೊಂಡ ಯೂರೋ. 2010ರಲ್ಲಿ 110 ಬಿಲಿಯನ್ ಯೂರೋ ಸಾಲ ಸಿಕ್ಕಿತು, ಜೊತೆಗೆ ಕಠಿಣ ಮಿತವ್ಯಯದ ಷರತ್ತು. ಅದಕ್ಕೂ ಮೊದಲು ವರ್ಷಗಟ್ಟಲೆ ಲೆಕ್ಕ ಮುಚ್ಚಿಟ್ಟದ್ದು, ತೆರಿಗೆ ವಸೂಲಿ ಸರಿಯಾಗಿ ಮಾಡದ್ದು ಅಲ್ಲಿನ ಸರ್ಕಾರಗಳ ತಪ್ಪೇ. ಆದರೆ ಮದ್ದಿನ ಫಲ ನೋಡಿ. ಆರ್ಥಿಕತೆ ಸುಮಾರು ಕಾಲು ಭಾಗ ಕುಗ್ಗಿತು. 2013ರಲ್ಲಿ ನಿರುದ್ಯೋಗ 27% ದಾಟಿತು. ಸಾಲ ಕಡಿಮೆಯಾಗಲಿ ಎಂದು ಖರ್ಚು ಕಡಿದರೂ, ಜಿಡಿಪಿಗೆ ಹೋಲಿಸಿದರೆ ಸಾಲ ಸುಮಾರು 130%ರಿಂದ 175%ಕ್ಕೂ ಮೇಲೆ ಹೋಯಿತು. ಖಾಸಗಿ ಸಾಲಗಾರರು 2012ರಲ್ಲಿ ದೊಡ್ಡ ಮೊತ್ತ ಬಿಟ್ಟುಕೊಟ್ಟ ಮೇಲೂ ಹೀಗಾಯಿತು. ಭಾಗಿಸುವ ಸಂಖ್ಯೆಯೇ ಚಿಕ್ಕದಾದರೆ ಉತ್ತರ ದೊಡ್ಡದಾಗುತ್ತದೆ, ಶಾಲೆಯ ಲೆಕ್ಕ ಅಷ್ಟೇ. ಖರ್ಚು ಕಡಿತದಿಂದ ಆಗುವ ಹೊಡೆತವನ್ನು ಮೊದಲು ಕಡಿಮೆ ಅಂದಾಜು ಮಾಡಲಾಗಿತ್ತು ಎಂದು ಐಎಂಎಫ್‌ನ (ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ) ಅರ್ಥಶಾಸ್ತ್ರಜ್ಞರೇ 2013ರಲ್ಲಿ ಬರೆದರು.

ದಕ್ಷಿಣ ಕೊರಿಯಾದ ಅನುಭವ ಬೇರೆ. 1997ರ ಕೊನೆಗೆ ಹೊರಗಿನ ಸಾಲ ಕಟ್ಟಲು ಡಾಲರ್ ಇಲ್ಲದೆ ಐಎಂಎಫ್ ಬಾಗಿಲು ತಟ್ಟಿತು. ಮೊದಲು ಬಂದ ಷರತ್ತು ಎತ್ತರದ ಬಡ್ಡಿ, ಬಿಗಿ ಬಜೆಟ್. ಕಂಪನಿಗಳು ದಡಬಡ ಮುಳುಗಿದಾಗ 1998ರಲ್ಲಿ ಈ ಷರತ್ತುಗಳನ್ನು ಸಡಿಲಿಸಲಾಯಿತು. ಅಧ್ಯಕ್ಷ ಕಿಮ್ ದೇ-ಜುಂಗ್ ಸರ್ಕಾರ ಕೆಟ್ಟ ಸಾಲಗಳನ್ನು ಬ್ಯಾಂಕುಗಳಿಂದ ತೆಗೆದು ಬೇರೆ ಸಂಸ್ಥೆಗೆ ವರ್ಗಾಯಿಸಿತು. ಉಳಿಸಲಾಗದ ಬ್ಯಾಂಕುಗಳನ್ನು ಮುಚ್ಚಿತು. ದೊಡ್ಡ ಉದ್ಯಮ ಸಮೂಹಗಳ ಸಾಲ ಇಳಿಸಲು ಒತ್ತಡ ಹಾಕಿತು. ಮಾಲೀಕರು, ಕಾರ್ಮಿಕ ಸಂಘಗಳು, ಸರ್ಕಾರ ಒಂದೇ ಮೇಜಿನ ಸುತ್ತ ಕೂತು ಒಪ್ಪಂದಕ್ಕೆ ಬಂದರು: ಕಂಪನಿಗಳಿಗೆ ಕೆಲಸಗಾರರನ್ನು ಬಿಡುವ ಅವಕಾಶ, ಬದಲಿಗೆ ನಿರುದ್ಯೋಗ ವಿಮೆಯ ವಿಸ್ತರಣೆ.

ಆ ಚಳಿಗಾಲದಲ್ಲಿ ಜನ ತಮ್ಮ ಚಿನ್ನವನ್ನು ತಂದು ಕೊಟ್ಟರು. ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ ಪುಟ್ಟ ಉಂಗುರ. ಸುಮಾರು 35 ಲಕ್ಷ ಜನರಿಂದ 227 ಟನ್ ಚಿನ್ನ ಸೇರಿತು. ಒಟ್ಟು ಸಾಲದ ಮುಂದೆ ಅದು ಸಣ್ಣ ಮೊತ್ತ. ಆದರೆ ನೋವನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದೇವೆ ಎಂಬ ಭಾವನೆ ಇಲ್ಲದಿದ್ದರೆ ಅಂಥ ಕಠಿಣ ಸುಧಾರಣೆ ನಡೆಯುತ್ತಿರಲಿಲ್ಲ. 1998ರಲ್ಲಿ 5%ಕ್ಕೂ ಜಾಸ್ತಿ ಕುಗ್ಗಿದ ಆರ್ಥಿಕತೆ 1999ರಲ್ಲಿ ಸುಮಾರು 11% ಬೆಳೆಯಿತು. ಐಎಂಎಫ್ ಸಾಲವನ್ನು 2001ರ ಆಗಸ್ಟ್‌ನಲ್ಲಿ, ಅವಧಿಗೆ ಮೊದಲೇ, ತೀರಿಸಿದರು. ಬೆಲೆ ತೆತ್ತವರೂ ಇದ್ದಾರೆ. ಕಾಯಂ ಅಲ್ಲದ, ಭದ್ರತೆ ಇಲ್ಲದ ಕೆಲಸಗಳು ಅಲ್ಲಿ ಹೆಚ್ಚಾದವು. ಆ ಗಾಯ ಇನ್ನೂ ಮಾಗಿಲ್ಲ.

ಇನ್ನು ಜಾಸ್ತಿ ಖರ್ಚಿನ ಅಪಾಯ. 2020ರಲ್ಲಿ ಕೋವಿಡ್ ಬಂದಾಗ ಅಮೆರಿಕದ ನಿರುದ್ಯೋಗ ಏಪ್ರಿಲ್‌ನಲ್ಲಿ 14% ದಾಟಿತು. ಮಾರ್ಚ್‌ನಲ್ಲೇ 2 ಟ್ರಿಲಿಯನ್ ಡಾಲರ್‌ಗೂ ಮೀರಿದ ಪ್ಯಾಕೇಜ್ ಬಂದಿತ್ತು, ಆಮೇಲೆ ಇನ್ನಷ್ಟು ಬಂತು. 2021ರ ಕೊನೆಗೆ ನಿರುದ್ಯೋಗ 4%ಕ್ಕಿಂತ ಕೆಳಗಿಳಿಯಿತು. 2022ರ ಜೂನ್‌ನಲ್ಲಿ ಹಣದುಬ್ಬರ 9.1% ಮುಟ್ಟಿತು. ಸರಕು ಸಾಗಣೆಯ ತೊಡಕು, ಉಕ್ರೇನ್ ಯುದ್ಧ ಕೂಡ ಕಾರಣ. ಆದರೂ ಬೇಡಿಕೆ ಮರಳಿದ ಮೇಲೂ ಹಣ ಸುರಿದದ್ದರ ಪಾಲು ಅದರಲ್ಲಿ ಇದೆ. ಕುಸಿತದಲ್ಲಿ ಮದ್ದಾಗುವ ಖರ್ಚು, ಕೆಲಸಗಾರರೇ ಸಿಗದ ಹೊತ್ತಿನಲ್ಲಿ ಬೆಲೆ ಏರಿಕೆಯಾಗಿ ಬಡವರ ಜೇಬಿಗೇ ಕೈ ಹಾಕುತ್ತದೆ.

ಮುಂದಿನ ಸುದ್ದಿ ಓದುವಾಗ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸುಂಕ ಏರಿದ ಮಾತ್ರಕ್ಕೆ 1930 ಮರಳಿ ಬರುತ್ತದೆ ಎಂದು ಹೆದರಬೇಕಿಲ್ಲ. ಠೇವಣಿ ವಿಮೆ ಇದೆ, ನಿರುದ್ಯೋಗ ಭತ್ಯೆ ಇದೆ, ಹಣಕ್ಕೆ ಚಿನ್ನದ ಗಂಟು ಇಲ್ಲ. ಬ್ಯಾಂಕು ಮುಳುಗುವಾಗ ಕೇಂದ್ರ ಬ್ಯಾಂಕು ಸುಮ್ಮನೆ ನೋಡುವುದಿಲ್ಲ ಎಂಬುದನ್ನು 2008ರ ಜಾಗತಿಕ ಹಣಕಾಸು ಬಿಕ್ಕಟ್ಟು ತೋರಿಸಿದೆ. ಆಗ ದೊಡ್ಡ ದೇಶಗಳು ಒಟ್ಟಿಗೆ ಬಡ್ಡಿ ಇಳಿಸಿದವು. 2009ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ದೊಡ್ಡ ಆರ್ಥಿಕತೆಗಳ ಗುಂಪಾದ ಜಿ-20ರ ನಾಯಕರು ಸೇರಿ ವ್ಯಾಪಾರಕ್ಕೆ ಅಡ್ಡಗೋಡೆ ಹಾಕುವುದಿಲ್ಲ ಎಂದು ಒಪ್ಪಿಕೊಂಡರು. ಇಂದು ಹೆಚ್ಚು ಕಾಡಬೇಕಾದ ಕೊರತೆ ಅದು. ದೇಶಗಳು ಹಾಗೆ ಒಟ್ಟಿಗೆ ಕೂರುವುದು ಕಡಿಮೆಯಾಗಿದೆ. ಸರ್ಕಾರಗಳ ಸಾಲ 2008ಕ್ಕಿಂತ ಬಹಳ ಮೇಲಿದೆ. ಹೊಡೆತ ಬಿದ್ದಾಗ ಚಾಚಲು ಉಳಿದಿರುವ ಕೈ ಚಿಕ್ಕದಾಗಿದೆ.

ಆದ್ದರಿಂದ ಖರ್ಚು ಕಡಿತ ಎಂಬ ಸುದ್ದಿ ಬಂದಾಗ ಆ ದೇಶದಲ್ಲಿ ಆಗ ಎಷ್ಟು ಜನ ಕೆಲಸ ಇಲ್ಲದೆ ಕೂತಿದ್ದಾರೆ ಎಂದು ನೋಡಿ. ಭಾರಿ ಪ್ಯಾಕೇಜ್ ಎಂಬ ಸುದ್ದಿ ಬಂದಾಗ ಸಾಲ ಯಾವ ದೇಶದ ಕರೆನ್ಸಿಯಲ್ಲಿದೆ, ಪ್ಯಾಕೇಜಿನ ದುಡ್ಡು ಯಾರ ಕೈ ಸೇರುತ್ತದೆ ಎಂದು ನೋಡಿ. ಸುಧಾರಣೆ ಎಂಬ ಪದ ಕೇಳಿದಾಗ ಅದು ಕೆಲಸಗಾರರಿಂದ ಏನನ್ನು ಕೇಳುತ್ತಿದೆ, ಬದಲಿಗೆ ಏನು ಕೊಡುತ್ತಿದೆ ಎಂದು ಹುಡುಕಿ. ಕೊರಿಯಾದ ಒಪ್ಪಂದದಲ್ಲಿ ಬದಲಿಗೆ ಏನು ಕೊಡುತ್ತೇವೆ ಎಂಬ ಮಾತೂ ಇತ್ತು. ಬ್ರೂನಿಂಗ್ ಅವರ ಆದೇಶಗಳಲ್ಲಿ ಅದು ಇರಲಿಲ್ಲ.